ಹಾಸನದ ಗೇಮಿಂಗ್ ಸೆಂಟರ್: ಸಿಸ್ಟಂಗೆ ನಾಲ್ಕು ಸ್ಟಾರ್, ‘ವರ್ಲ್ಡ್ ಕ್ವಾಲಿಫೈಯರ್’ಗೆ ಒಂದೇ

ಮೊದಲೇ ಹೇಳಿಬಿಡುತ್ತೇನೆ. ಆಡೋದಕ್ಕೆ ಅಂತ ಹೋಗುವವರು ಧೈರ್ಯವಾಗಿ ಹೋಗಿ. ಹಾಸನದಲ್ಲಿ ಈ ರೇಟಿಗೆ ಇದಕ್ಕಿಂತ ಒಳ್ಳೆಯ ಜಾಗ ನಾನಂತೂ ನೋಡಿಲ್ಲ. ಆದರೆ ಅಲ್ಲಿ ಆಗಾಗ ನಡೆಯುವ ‘ವರ್ಲ್ಡ್ ಚಾಂಪಿಯನ್‌ಶಿಪ್ ಕ್ವಾಲಿಫೈಯರ್’ಗೆ ದುಡ್ಡು ಕಟ್ಟುವ ಯೋಚನೆ ಇದ್ದರೆ ಸ್ವಲ್ಪ ತಡೆಯಿರಿ, ಇದನ್ನು ಪೂರ್ತಿ ಓದಿ. ಸೆಂಟರಿನ ಹೆಸರನ್ನೂ ಟೂರ್ನಮೆಂಟ್ ನಡೆಸಿದವರ ಹೆಸರನ್ನೂ ಹಾಕುತ್ತಿಲ್ಲ. ಸೆಂಟರ್ ನಡೆಸುವ ಅಣ್ಣ ಒಳ್ಳೆಯ ಮನುಷ್ಯ, ಅವರ ಹೊಟ್ಟೆ ಮೇಲೆ ಹೊಡೆಯೋದು ನನಗೆ ಬೇಕಿಲ್ಲ. ಟೂರ್ನಮೆಂಟಿನವರೋ, ಇವತ್ತು ಒಂದು ಹೆಸರು, ಮುಂದಿನ ಸಲ ಇನ್ನೊಂದು ಹೆಸರು ಇಟ್ಟುಕೊಂಡು ಬರುವ ಪೈಕಿ. ಹೆಸರು ಹಾಕಿದರೂ ಉಪಯೋಗವಿಲ್ಲ.

ಜಾಗ ಪೇಟೆಯೊಳಗೇ ಇದೆ, ಬೇಕರಿ ಮೇಲಿನ ಮಹಡಿ. ಚಪ್ಪಲಿ ಹೊರಗೆ ಬಿಡಬೇಕು. ಒಳಗೆ ಎರಡು ಸಾಲು ಸಿಸ್ಟಂ, ಪಕ್ಕದ ರೂಮಿನಲ್ಲಿ ಎರಡು ಪ್ಲೇಸ್ಟೇಷನ್, ಒಂದು ದೊಡ್ಡ ಟಿವಿ. ಗಂಟೆಗೆ 60 ರೂಪಾಯಿ, ಮೂರು ಗಂಟೆ ಒಟ್ಟಿಗೆ ತಗೊಂಡರೆ 150. ಗ್ರಾಫಿಕ್ಸ್ ಕಾರ್ಡು ಆರ್‌ಟಿಎಕ್ಸ್ 3060. ಈಗಿನ ಲೆಕ್ಕಕ್ಕೆ ಹಳೆಯದೇ, ಆದರೂ ವ್ಯಾಲೊರಂಟ್, ಕೌಂಟರ್ ಸ್ಟ್ರೈಕ್ 2, ಡೋಟಾ 2 ಆಡೋಕೆ ಧಾರಾಳ ಸಾಕು. ಮಾನಿಟರ್ ಎಲ್ಲ 144 ಹರ್ಟ್ಸ್, ಅಂದರೆ ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವಂಥವು, ಅಂತ ಗೋಡೆ ಮೇಲೆ ದೊಡ್ಡದಾಗಿ ಬರೆದಿದ್ದಾರೆ. ಸುಳ್ಳಲ್ಲ. ಆದರೆ ನಾನು ಕೂತ ಸಿಸ್ಟಮ್ಮಿನಲ್ಲಿ ವಿಂಡೋಸ್ ಸೆಟ್ಟಿಂಗ್ 60ರಲ್ಲೇ ಇತ್ತು. ಯಾವ ಕಾಲದಿಂದ ಹಾಗಿತ್ತೋ, ಎಷ್ಟು ಹುಡುಗರು ‘ಯಾಕೋ ಇವತ್ತು ಏಮ್ ಕೂರ್ತಿಲ್ಲ’ ಅಂತ ತಮ್ಮನ್ನೇ ಬೈದುಕೊಂಡು ಮನೆಗೆ ಹೋದರೋ. ಡಿಸ್‌ಪ್ಲೇ ಸೆಟ್ಟಿಂಗ್ ತೆಗೆದು 144ಕ್ಕೆ ಬದಲಿಸಿದೆ, ಅಷ್ಟೇ ಕೆಲಸ. ನೀವೂ ಕೂತ ತಕ್ಷಣ ಅದನ್ನೊಂದು ನೋಡಿಕೊಳ್ಳಿ.

ಕೀಬೋರ್ಡುಗಳಲ್ಲಿ ಡಬ್ಲ್ಯು, ಎ, ಎಸ್, ಡಿ ಅಕ್ಷರಗಳು ಸವೆದು ನುಣ್ಣಗಾಗಿವೆ. ಸ್ಪೇಸ್ ಬಾರ್ ಮಧ್ಯೆ ಹೆಬ್ಬೆರಳಿನಷ್ಟು ಜಾಗ ಹೊಳೆಯುತ್ತದೆ. ಹೆಡ್‌ಸೆಟ್ಟಿನ ಸ್ಪಂಜು ಕಿತ್ತು ಬಂದಿದೆ, ಸ್ವಂತದ್ದು ಇದ್ದರೆ ತಗೊಂಡು ಹೋಗೋದು ವಾಸಿ. ನೆಟ್ ಚೆನ್ನಾಗಿದೆ. ಮುಂಬೈ ಸರ್ವರ್‌ಗೆ ಪಿಂಗ್ (ಸರ್ವರ್‌ಗೆ ಹೋಗಿ ಬರಲು ಹಿಡಿಯುವ ಮಿಲಿಸೆಕೆಂಡು) 40ರ ಆಸುಪಾಸು ಬರುತ್ತಿತ್ತು, ಸಂಜೆ ಎಲ್ಲ ಸಿಸ್ಟಂ ತುಂಬಿದಾಗಲೂ ಜಾಸ್ತಿ ಏರಲಿಲ್ಲ.

ಮಳೆಗಾಲದ ಕರೆಂಟಿನ ಕಥೆ ಮಾತ್ರ ತಮಾಷೆಯಾಗಿದೆ. ಪ್ರತಿ ಸಿಸ್ಟಂಗೂ ಯುಪಿಎಸ್ ಇದೆ, ಕೆಳಗೆ ಜನರೇಟರೂ ಇದೆ. ಒಂದು ಸಂಜೆ ಜೋರು ಮಳೆಗೆ ಕರೆಂಟು ಹೋಯಿತು. ಸಿಸ್ಟಂ ಒಂದೂ ಆಫ್ ಆಗಲಿಲ್ಲ, ಎಲ್ಲರೂ ಬೀಗಿಕೊಂಡು ಕೂತರು, ಅಷ್ಟರಲ್ಲಿ ಎಲ್ಲರ ಗೇಮೂ ಒಟ್ಟಿಗೇ ನಿಂತಿತು. ನೋಡಿದರೆ ಯುಪಿಎಸ್ ಇಲ್ಲದಿದ್ದದ್ದು ರೂಟರ್‌ಗೆ ಮಾತ್ರ! ಅಣ್ಣ ಮಾರನೇ ದಿನವೇ ಅದಕ್ಕೊಂದು ತಂದು ಹಾಕಿದರು. ಇಂಥದ್ದರಲ್ಲಿ ಅವರು ಚುರುಕು, ಒಪ್ಪಬೇಕು.

ಬಾಗಿಲ ಹತ್ತಿರ ಒಂದು ಬೋರ್ಡು: ‘ಕೆಟ್ಟ ಮಾತು ಆಡಿದರೆ 20 ರೂಪಾಯಿ ದಂಡ. ಅಮ್ಮ, ಅಕ್ಕನ ಸುದ್ದಿ ಬಂದರೆ 50.’ ನಿಜಕ್ಕೂ ವಸೂಲಿ ಮಾಡುತ್ತಾರೆ. ನಾನು ಮೂವತ್ತು ದಾಟಿದ ಹೆಂಗಸು. ಇಂಜಿನಿಯರಿಂಗ್ ಓದುವಾಗ ಹಾಸ್ಟೆಲ್‌ನಲ್ಲಿ ಡೋಟಾ ಹಿಡಿದದ್ದು, ಇನ್ನೂ ಬಿಟ್ಟಿಲ್ಲ. ಇಂಥ ಜಾಗಗಳಲ್ಲಿ ನನ್ನನ್ನು ನೋಡಿ ‘ಮಗನನ್ನ ಕರ್ಕೊಂಡು ಹೋಗೋಕೆ ಬಂದ್ರಾ ಆಂಟಿ’ ಅಂತ ಕೇಳುವವರೇ ಜಾಸ್ತಿ. ಇಲ್ಲಿ ಹಾಗಾಗಲಿಲ್ಲ. ಅಣ್ಣ ‘ಯಾವ ಗೇಮ್ ಮೇಡಂ’ ಅಂದರು, ಸಿಸ್ಟಂ ತೋರಿಸಿದರು, ಮುಗೀತು.

ಪ್ಲೇಸ್ಟೇಷನ್ ರೂಮಿನಲ್ಲಿ ಹುಡುಗರು ಇವತ್ತಿಗೂ ‘ಅಣ್ಣ, ಫಿಫಾ ಹಾಕಿ’ ಅಂತಲೇ ಕೇಳೋದು. ಡಿಸ್ಕಿನ ಮೇಲೆ ಆ ಹೆಸರು ಹೋಗಿ ಕಾಲವಾಯಿತು. ಗೇಮ್ ಮಾಡುವ ಇಎ ಕಂಪನಿಗೂ ಫಿಫಾಕ್ಕೂ ಒಪ್ಪಂದ ಮುರಿದುಬಿತ್ತು, 2023ರಿಂದ ಆ ಗೇಮಿನ ಹೆಸರು ಬರೀ ಎಫ್‌ಸಿ. ಗೇಮು ಇಎ ಕೈಯಲ್ಲೇ ಉಳಿಯಿತು. ಫಿಫಾ ಹತ್ತಿರ ಅದರ ಹೆಸರಷ್ಟೇ ಉಳಿಯಿತು. 2004ರಿಂದ ವಿಡಿಯೋ ಗೇಮಿಗೆ ವಿಶ್ವಕಪ್ ನಡೆಸುತ್ತಿದ್ದ ಫಿಫಾ ಆಮೇಲೆ ಕೊನಾಮಿ ಕಂಪನಿಯ ಇ-ಫುಟ್‌ಬಾಲ್ ಹಿಡಿದುಕೊಂಡು ವಿಶ್ವಕಪ್ ನಡೆಸಬೇಕಾಯಿತು. ಜಗತ್ತಿನ ಫುಟ್‌ಬಾಲ್ ಆಳುವ ಸಂಸ್ಥೆಗೇ ಗೇಮ್ ವಿಷಯದಲ್ಲಿ ಇಷ್ಟೇ ಅಧಿಕಾರ. ಇದನ್ನು ನೆನಪಿಟ್ಟುಕೊಳ್ಳಿ, ಈಗ ಆ ಕ್ವಾಲಿಫೈಯರ್‌ನ ಬ್ಯಾನರಿನ ವಿಷಯಕ್ಕೆ ಬರುತ್ತೇನೆ.

ನನ್ನ ಅಕ್ಕನ ಮಗ ಪಿಯುಸಿ. ಬಿಜಿಎಂಐ ಅನ್ನೋ ಮೊಬೈಲ್ ಶೂಟಿಂಗ್ ಗೇಮಿನ ಹುಚ್ಚು. ಒಂದು ದಿನ ಬಂದು, ‘ಚಿಕ್ಕಮ್ಮ, ಐನೂರು ರೂಪಾಯಿ ಕೊಡು, ಸೆಂಟರ್‌ನಲ್ಲಿ ವರ್ಲ್ಡ್ ಚಾಂಪಿಯನ್‌ಶಿಪ್ ಕ್ವಾಲಿಫೈಯರ್ ಇದೆ’ ಅಂದ. ತಲೆಗೆ ಐನೂರು, ನಾಲ್ಕು ಜನರ ಸ್ಕ್ವಾಡಿಗೆ ಎರಡು ಸಾವಿರ. ಹೋಗಿ ನೋಡಿದೆ. ಮೆಟ್ಟಿಲ ಪಕ್ಕ ಬ್ಯಾನರು. ಒಂದು ಭೂಗೋಳ, ಅದರ ಮೇಲೆ ಹೆಡ್‌ಸೆಟ್ಟು, ಕೆಳಗೆ ಒಲಿಂಪಿಕ್ಸ್‌ನದರ ಥರ ಬಣ್ಣ ಬಣ್ಣದ ಬಳೆಗಳು. ಎಣಿಸಿದೆ, ಆರು ಇದ್ದವು. ‘ಅಂತಾರಾಷ್ಟ್ರೀಯ ಮಾನ್ಯತೆ ಪಡೆದ’ ಅಂತ ಚಿನ್ನದ ಬಣ್ಣದಲ್ಲಿ. ಯಾರಿಂದ ಮಾನ್ಯತೆ ಅಂತ ಎಲ್ಲೂ ಇಲ್ಲ.

ಅಣ್ಣನನ್ನೇ ಕೇಳಿದೆ. ‘ಇಲ್ಲಿ ಗೆದ್ದವರು ಎಲ್ಲಿಗೆ ಹೋಗ್ತಾರೆ?’

‘ಸ್ಟೇಟ್‌ಗೆ ಮೇಡಂ.’

‘ಆಮೇಲೆ?’

‘ನ್ಯಾಷನಲ್.’

‘ಅದಾದ ಮೇಲೆ?’

‘ಇಂಟರ್‌ನ್ಯಾಷನಲ್. ಅದನ್ನ ಅವರೇ ನೋಡ್ಕೋತಾರೆ.’

‘ಅವರು ಅಂದ್ರೆ ಯಾರಣ್ಣ?’

‘ಬೆಂಗಳೂರಿನವರು ಮೇಡಂ’ ಅಂದು ತಲೆ ಕೆರೆದುಕೊಂಡರು. ಅವರಿಗೆ ಸಿಕ್ಕಿದ್ದು ಹಾಲ್ ಬಾಡಿಗೆ ಮಾತ್ರ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಯಾಕಂದರೆ ಹುಡುಗರಿಗೂ ಅವರ ಅಪ್ಪ ಅಮ್ಮಂದಿರಿಗೂ ಈ ‘ವರ್ಲ್ಡ್’ ಯಾರದ್ದು ಅನ್ನೋದೇ ಗೊತ್ತಿಲ್ಲ, ಅದನ್ನೇ ಇಂಥವರು ದುಡ್ಡು ಮಾಡಿಕೊಳ್ಳೋದು.

ಕ್ರಿಕೆಟ್ಟಿಗೆ ಐಸಿಸಿ ಇದೆ, ಚೆಸ್ಸಿಗೆ 1924ರಿಂದ ಫಿಡೆ ಇದೆ. ಆದರೆ ಆ ಆಟಗಳಿಗೆ ಮಾಲೀಕರು ಯಾರೂ ಇಲ್ಲ, ಯಾರು ಬೇಕಾದರೂ ಆಡಬಹುದು. ವಿಡಿಯೋ ಗೇಮ್ ಹಾಗಲ್ಲ. ಅದು ಒಂದು ಕಂಪನಿಯ ಸೊತ್ತು. ಗಲ್ಲಿ ಕ್ರಿಕೆಟ್ಟಿನಲ್ಲಿ ಬ್ಯಾಟ್ ತಂದ ಹುಡುಗ ಇರುತ್ತಾನಲ್ಲ, ಅವನು ಔಟಾದರೆ ಬ್ಯಾಟ್ ಎತ್ತಿಕೊಂಡು ಮನೆಗೆ ಹೋಗುತ್ತಾನೆ, ಯಾರೂ ಏನೂ ಮಾಡೋ ಹಾಗಿಲ್ಲ. ಇಲ್ಲಿ ಎಲ್ಲ ಗೇಮಿಗೂ ಅಂಥ ಒಬ್ಬ ಹುಡುಗ ಇದ್ದಾನೆ. ಲೀಗ್ ಆಫ್ ಲೆಜೆಂಡ್ಸ್, ವ್ಯಾಲೊರಂಟ್‌ಗೆ ರಾಯಟ್. ಡೋಟಾ 2, ಕೌಂಟರ್ ಸ್ಟ್ರೈಕ್‌ಗೆ ವಾಲ್ವ್. ಬಿಜಿಎಂಐಗೆ ಕ್ರಾಫ್ಟನ್.

ಜನ ನಿಜವಾದ ವಿಶ್ವ ಚಾಂಪಿಯನ್‌ಶಿಪ್ ಅಂತ ನೋಡುವ ದೊಡ್ಡ ಟೂರ್ನಮೆಂಟುಗಳು ಇವರವೇ. 2011ರಲ್ಲಿ ರಾಯಟ್‌ನವರು ಸ್ವೀಡನ್ನಿನ ಯೋನ್‌ಶೋಪಿಂಗ್‌ನಲ್ಲಿ ಲೀಗ್ ಆಫ್ ಲೆಜೆಂಡ್ಸ್‌ನ ಮೊದಲ ವಿಶ್ವ ಚಾಂಪಿಯನ್‌ಶಿಪ್, ಅಂದರೆ ‘ವರ್ಲ್ಡ್ಸ್’ ನಡೆಸಿದರು. ಅದೇ ವರ್ಷ ವಾಲ್ವ್‌ನವರು ಜರ್ಮನಿಯ ಕಲೋನ್‌ನಲ್ಲಿ ಡೋಟಾ 2ಕ್ಕೆ ಮೊದಲ ‘ದಿ ಇಂಟರ್‌ನ್ಯಾಷನಲ್’ ನಡೆಸಿದರು, ಒಟ್ಟು ಬಹುಮಾನ 16 ಲಕ್ಷ ಡಾಲರ್. ಆಗ ನಮಗೆಲ್ಲ ತಲೆ ತಿರುಗಿತ್ತು. 2021ಕ್ಕೆ ಅದು 4 ಕೋಟಿ ಡಾಲರ್ ಆಯಿತು. ಆಟಗಾರರು ಗೇಮ್ ಒಳಗೆ ಕೊಳ್ಳುವ ‘ಬ್ಯಾಟಲ್ ಪಾಸ್’ ಅನ್ನೋದರ ದುಡ್ಡಿನಲ್ಲಿ ನಾಲ್ಕನೇ ಒಂದು ಭಾಗ ಬಹುಮಾನಕ್ಕೆ ಹೋಗುತ್ತಿತ್ತು, ಹಾಗಾಗಿ ಅಷ್ಟು ಬೆಳೆಯಿತು. ನನ್ನದೂ ಅದರಲ್ಲಿ ಒಂದಿಷ್ಟು ರೂಪಾಯಿ ಇದೆ, ಮನೆಯಲ್ಲಿ ಹೇಳಿಲ್ಲ. 2023ರಲ್ಲಿ ಕಂಪನಿ ಆ ಪದ್ಧತಿಯನ್ನೇ ಬದಲಿಸಿತು. ಬಹುಮಾನ ಹತ್ತನೇ ಒಂದು ಭಾಗಕ್ಕಿಂತ ಕೆಳಗೆ ಬಂತು. ‘ಯಾಕ್ರೀ ಹೀಗೆ ಮಾಡಿದಿರಿ’ ಅಂತ ಕೇಳುವ ಅಧಿಕಾರ ಜಗತ್ತಿನ ಯಾವ ಸಂಸ್ಥೆಗೂ ಇರಲಿಲ್ಲ.

ಬಿಜಿಎಂಐ ಆಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ಮೊಬೈಲ್ ಬ್ಯಾನ್. 2021ರ ಜುಲೈನಲ್ಲಿ ಬಿಜಿಎಂಐ ಅಂತ ಹೊಸ ಹೆಸರಲ್ಲಿ ಬಂತು. 2022ರ ಜುಲೈನಲ್ಲಿ ರಾತ್ರೋರಾತ್ರಿ ಪ್ಲೇ ಸ್ಟೋರ್‌ನಿಂದ ಮಾಯ. 2023ರ ಮೇನಲ್ಲಿ ಮತ್ತೆ ಹಾಜರ್. ನಮ್ಮ ಹುಡುಗನ ಮೊದಲ ಸ್ಕ್ವಾಡು ಒಡೆದದ್ದು ಆ ಮಧ್ಯದ ಹತ್ತು ತಿಂಗಳಲ್ಲೇ. ಇಬ್ಬರು ಫ್ರೀ ಫೈರ್‌ಗೆ ಹೋದರು, ಒಬ್ಬ ಕಬಡ್ಡಿಗೆ ಹೋದ.

ಹಾಗಾದರೆ ಅಂತಾರಾಷ್ಟ್ರೀಯ ಫೆಡರೇಷನ್ ಅನ್ನೋದು ಇಲ್ಲವೇ ಇಲ್ಲವಾ? ಇದೆ. ಒಂದಲ್ಲ, ಜಾಸ್ತಿಯೇ ಇವೆ. ತೊಂದರೆ ಇರೋದೇ ಅಲ್ಲಿ.

ಹಳೆಯದು ಐಇಎಸ್ಎಫ್, ಅಂದರೆ ಇಂಟರ್‌ನ್ಯಾಷನಲ್ ಎಸ್ಪೋರ್ಟ್ಸ್ ಫೆಡರೇಷನ್ (ಎಸ್ಪೋರ್ಟ್ಸ್ ಅಂದರೆ ಪಂದ್ಯವಾಗಿ ಆಡುವ ವಿಡಿಯೋ ಗೇಮ್). 2008ರಲ್ಲಿ ದಕ್ಷಿಣ ಕೊರಿಯಾದಲ್ಲಿ ಒಂಬತ್ತು ದೇಶಗಳು ಸೇರಿ ಕಟ್ಟಿದ್ದು, ಕಚೇರಿ ಬುಸಾನ್‌ನಲ್ಲಿ. ಈಗ 130ಕ್ಕೂ ಹೆಚ್ಚು ದೇಶಗಳಿವೆ. ವರ್ಷಕ್ಕೊಮ್ಮೆ ವಿಶ್ವ ಚಾಂಪಿಯನ್‌ಶಿಪ್ ನಡೆಸುತ್ತದೆ: 2022 ಬಾಲಿ, 2023 ರೊಮೇನಿಯಾದ ಯಾಶ್, 2024 ರಿಯಾದ್. ಇಲ್ಲಿ ಕ್ಲಬ್ ಲೆಕ್ಕಕ್ಕಿಲ್ಲ, ದೇಶದ ಜರ್ಸಿ ಹಾಕಿಕೊಂಡು ಆಡಬೇಕು. ಭಾರತದಿಂದ ಅದಕ್ಕೆ ತಂಡ ಕಳಿಸೋದು ಎಸ್ಪೋರ್ಟ್ಸ್ ಫೆಡರೇಷನ್ ಆಫ್ ಇಂಡಿಯಾ, ಅದಕ್ಕಾಗಿ ಅವರು ನ್ಯಾಷನಲ್ ಚಾಂಪಿಯನ್‌ಶಿಪ್ ನಡೆಸುತ್ತಾರೆ. ನಮ್ಮ ಮೆಟ್ಟಿಲ ಬ್ಯಾನರಿನಲ್ಲಿ ಈ ಎರಡು ಹೆಸರೂ ಇರಲಿಲ್ಲ.

ಇನ್ನೊಂದು ಗ್ಲೋಬಲ್ ಎಸ್ಪೋರ್ಟ್ಸ್ ಫೆಡರೇಷನ್, 2019ರ ಕೊನೆಯಲ್ಲಿ ಸಿಂಗಪುರದಲ್ಲಿ ಹುಟ್ಟಿದ್ದು. ಇವರದ್ದು ಬೇರೆ ಕೂಟ, ಬೇರೆ ‘ಗ್ಲೋಬಲ್ ಎಸ್ಪೋರ್ಟ್ಸ್ ಗೇಮ್ಸ್’. 2022ರಲ್ಲಿ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಗೇಮ್ಸ್ ಜೊತೆಗೇ ಕಾಮನ್‌ವೆಲ್ತ್ ಎಸ್ಪೋರ್ಟ್ಸ್ ನಡೆದಾಗ ಅದರ ಹಿಂದೆ ಇದ್ದವರು ಇವರು. ಅದರಲ್ಲಿ ಮೋಯಿನ್ ಎಜಾಜ್ ನಾಯಕತ್ವದ ನಮ್ಮ ಡೋಟಾ ತಂಡ ನ್ಯೂಜಿಲೆಂಡನ್ನು ಸೋಲಿಸಿ ಕಂಚು ತಂತು. ಆ ಮ್ಯಾಚು ನಾನು ಕೂತು ನೋಡಿದ್ದೇನೆ. ಮಾರನೇ ದಿನ ಆಫೀಸಿನಲ್ಲಿ ಹೇಳಿದರೆ ‘ಕಾಮನ್‌ವೆಲ್ತ್‌ನಲ್ಲಿ ಗೇಮಾ?’ ಅಂತ ನಕ್ಕರು.

ಏಷ್ಯನ್ ಗೇಮ್ಸ್‌ದು ಮೂರನೇ ದಾರಿ. ಅಲ್ಲಿ ಏಷ್ಯಾದ್ದೇ ಬೇರೆ ಫೆಡರೇಷನ್. 2018ರ ಜಕಾರ್ತದಲ್ಲಿ ಸುಮ್ನೆ ಪ್ರದರ್ಶನ ಆಟ ಅಂತ ಇಟ್ಟಿದ್ದರು, ಗುಜರಾತಿನ ಭುಜ್‌ನ ತೀರ್ಥ್ ಮೆಹ್ತಾ ಹಾರ್ತ್‌ಸ್ಟೋನ್ ಅನ್ನೋ ಗೇಮಿನಲ್ಲಿ ಕಂಚು ಗೆದ್ದ. ಭುಜ್ ಏನು ಬೆಂಗಳೂರಲ್ಲ, ನೆನಪಿರಲಿ. 2023ರಲ್ಲಿ ಹಾಂಗ್‌ಝೌನಲ್ಲಿ ನಿಜವಾದ ಪದಕಕ್ಕೇ ಸೇರಿಸಿದರು, ಏಳು ಗೇಮ್. ಲೀಗ್ ಆಫ್ ಲೆಜೆಂಡ್ಸ್‌ನಲ್ಲಿ ಕೊರಿಯಾ ಚಿನ್ನ ಗೆದ್ದದ್ದಕ್ಕೆ ಅದರ ಸ್ಟಾರ್ ಆಟಗಾರ ಫೇಕರ್ ಸೇರಿ ಇಡೀ ತಂಡಕ್ಕೆ ಕಡ್ಡಾಯ ಮಿಲಿಟರಿ ಸೇವೆಯಿಂದ ವಿನಾಯಿತಿ ಸಿಕ್ಕಿತು. ಇದು ನನಗೆ ತುಂಬ ಹಿಡಿಸಿದ ವಿಷಯ. ಫೇಕರ್ ಆ ಹೊತ್ತಿಗೆ ಮೂರು ಸಲ ವರ್ಲ್ಡ್ಸ್ ಗೆದ್ದಿದ್ದ, ಅದರಿಂದ ಈ ವಿನಾಯಿತಿ ಸಿಗಲಿಲ್ಲ. ಕಂಪನಿ ದುಡ್ಡು ಕೊಡಬಹುದು, ಕಪ್ಪು ಕೊಡಬಹುದು. ಸರ್ಕಾರ ಎದ್ದು ನಿಂತು ಲೆಕ್ಕಕ್ಕೆ ತಗೊಳ್ಳೋದು ದೇಶದ ಹೆಸರಿನ ಪದಕವನ್ನು ಮಾತ್ರ.

ಸ್ವೀಡನ್ನಿನ ಕಥೆ ಇದಕ್ಕೆ ಉಲ್ಟಾ. 4 ಕೋಟಿ ಡಾಲರಿನ ಆ ಡೋಟಾ ಟೂರ್ನಮೆಂಟು ಸ್ಟಾಕ್‌ಹೋಮ್‌ನಲ್ಲಿ ಆಗಬೇಕಿತ್ತು. ಕೋವಿಡ್‌ನಿಂದ ಒಂದು ವರ್ಷ ಮುಂದೆ ಹೋಯಿತು. ಅಷ್ಟರಲ್ಲಿ ಅಲ್ಲಿನ ಕ್ರೀಡಾ ಒಕ್ಕೂಟ ವೋಟ್ ಹಾಕಿ ‘ಎಸ್ಪೋರ್ಟ್ಸ್ ಕ್ರೀಡೆಯಲ್ಲ, ನಮ್ಮೊಳಗೆ ಸೇರಿಸಲ್ಲ’ ಅಂದುಬಿಟ್ಟಿತು. ಕ್ರೀಡೆಯಲ್ಲ ಅಂದ ಮೇಲೆ ಹೊರದೇಶದ ಆಟಗಾರರಿಗೆ ವೀಸಾ ತೊಡಕು. ವಾಲ್ವ್ ಸರ್ಕಾರದವರೆಗೂ ಹೋಯಿತು, ಆಗಲಿಲ್ಲ. ಕೊನೆಗೆ ಟೂರ್ನಮೆಂಟನ್ನೇ ರೊಮೇನಿಯಾದ ಬುಕಾರೆಸ್ಟ್‌ಗೆ ಎತ್ತಿಕೊಂಡು ಹೋದರು. ಬ್ಯಾಟ್ ಇವರದ್ದೇ, ಮೈದಾನ ಮಾತ್ರ ಇನ್ನೊಬ್ಬರದ್ದು.

ಒಲಿಂಪಿಕ್ಸ್‌ನವರದ್ದು ಇನ್ನೂ ಚೆನ್ನಾಗಿದೆ. 2023ರ ಜೂನ್‌ನಲ್ಲಿ ಸಿಂಗಪುರದಲ್ಲಿ ಒಲಿಂಪಿಕ್ ಎಸ್ಪೋರ್ಟ್ಸ್ ವಾರ ಅಂತ ಮಾಡಿದರು, ಸೈಕಲ್ ತುಳಿಯೋದು, ಡ್ಯಾನ್ಸು, ಬಿಲ್ವಿದ್ಯೆ, ಹೀಗೆ. ನಾವು ಆಡುವ ಗೇಮ್ ಬಹುತೇಕ ಯಾವುದೂ ಇಲ್ಲ. 2024ರ ಜುಲೈನಲ್ಲಿ ಸೌದಿ ಜೊತೆ 12 ವರ್ಷದ ಒಪ್ಪಂದ, 2025ಕ್ಕೇ ಒಲಿಂಪಿಕ್ ಎಸ್ಪೋರ್ಟ್ಸ್ ಗೇಮ್ಸ್ ಅಂತ ಘೋಷಣೆ. ಆಮೇಲೆ 2027ಕ್ಕೆ ಮುಂದೂಡಿದರು. 2025ರ ಅಕ್ಟೋಬರ್‌ನಲ್ಲಿ ಒಪ್ಪಂದವೇ ರದ್ದು. ಸೌದಿಯವರಿಗೇನು, ಅವರದ್ದೇ ಎಸ್ಪೋರ್ಟ್ಸ್ ವರ್ಲ್ಡ್ ಕಪ್ ಇದೆ. ಒಟ್ಟು ಬಹುಮಾನ 2024ರಲ್ಲಿ 6 ಕೋಟಿ ಡಾಲರ್, 2025ರಲ್ಲಿ 7 ಕೋಟಿ, ಎರಡು ಸಲವೂ ಕ್ಲಬ್ ಪಟ್ಟಿಯಲ್ಲಿ ಮೊದಲು ಬಂದದ್ದು ಅವರದ್ದೇ ಟೀಮ್ ಫಾಲ್ಕನ್ಸ್. 2025ರಲ್ಲಿ ಚೆಸ್ಸನ್ನೂ ಸೇರಿಸಿದರು. ಕಾರ್ಲ್‌ಸನ್ ಗೆದ್ದ, ನಮ್ಮ ಅರ್ಜುನ್ ಎರಿಗೈಸಿ ನಾಲ್ಕನೆಯವನಾದ. ನಮ್ಮಪ್ಪ ವಿಡಿಯೋ ಗೇಮ್ ವರ್ಲ್ಡ್ ಕಪ್ ಅಂತ ಗೊತ್ತಿಲ್ಲದೇ ಇಡೀ ಮ್ಯಾಚ್ ನೋಡಿದರು.

ಅಂದರೆ ಮೇಲಿನ ಮಟ್ಟದಲ್ಲೇ ಒಬ್ಬ ಯಜಮಾನ ಇಲ್ಲ. ಕಂಪನಿಗಳು ಒಂದು ಕಡೆ, ಎರಡು ಮೂರು ಫೆಡರೇಷನ್ ಇನ್ನೊಂದು ಕಡೆ, ಸೌದಿ ದುಡ್ಡು ಮತ್ತೊಂದು ಕಡೆ. ಇಷ್ಟು ಗೊಂದಲ ಇರುವಾಗ ಯಾರೋ ಒಬ್ಬ ಭೂಗೋಳ ಪ್ರಿಂಟ್ ಹಾಕಿಸಿ ‘ನಾನೂ ಇಂಟರ್‌ನ್ಯಾಷನಲ್’ ಅಂದರೆ ಪಿಯುಸಿ ಹುಡುಗ ಹೇಗೆ ಕಂಡುಹಿಡಿಯಬೇಕು ಹೇಳಿ.

ಅಕ್ಕನಿಗೆ ಫೋನ್ ಮಾಡಿ ಬೇಡ ಅಂದೆ. ಅವಳು, ‘ಇಲ್ಲ ಕಣೇ, ಸರ್ಟಿಫಿಕೇಟ್ ಕೊಡ್ತಾರಂತೆ, ಸಿಇಟಿಲಿ ಸ್ಪೋರ್ಟ್ಸ್ ಕೋಟಾಕ್ಕೆ ಆಗುತ್ತಂತೆ’ ಅಂದಳು. ನನಗೆ ನಿಜವಾಗಿ ಸಿಟ್ಟು ಬಂದದ್ದು ಇಲ್ಲಿ. ಹುಡುಗರಿಗೆ ವರ್ಲ್ಡ್ ಆಸೆ, ಅಮ್ಮಂದಿರಿಗೆ ಕೋಟಾ ಆಸೆ, ಇಬ್ಬರಿಗೂ ಬೇರೆ ಬೇರೆ ಡೈಲಾಗ್ ಇಟ್ಟುಕೊಂಡಿದ್ದಾರೆ. ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ಎಸ್ಪೋರ್ಟ್ಸನ್ನು ಕ್ರೀಡಾ ಸಚಿವಾಲಯದ ಕೆಳಗೆ ತಂದದ್ದು ನಿಜ. 2025ರ ಆನ್‌ಲೈನ್ ಗೇಮಿಂಗ್ ಕಾನೂನು ಪಣಕ್ಕೆ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಎಸ್ಪೋರ್ಟ್ಸನ್ನು ಬೇರೆ ಇಟ್ಟದ್ದೂ ನಿಜ. ಎಸ್ಪೋರ್ಟ್ಸ್‌ನಲ್ಲಿ ಪ್ರವೇಶ ಶುಲ್ಕ, ಗೆದ್ದವರಿಗೆ ಬಹುಮಾನ ಇರಬಹುದು, ಬೆಟ್ಟಿಂಗ್ ಇರಬಾರದು ಅನ್ನುತ್ತದೆ ಆ ಕಾನೂನು. ಈ ಅರ್ಧ ಸತ್ಯದ ಮೇಲೆಯೇ ಅವರು ಉಳಿದದ್ದನ್ನು ಕಟ್ಟೋದು. ಬೇಕರಿ ಮೇಲೆ ಆಡಿ ತಂದ ಕಾಗದ ಸಿಇಟಿ ಕೌಂಟರಿನಲ್ಲಿ ನಡೆಯೋದಿಲ್ಲ, ಅಷ್ಟೇ.

ಆದರೂ ಹುಡುಗ ಕೇಳಲಿಲ್ಲ. ಅಕ್ಕನೇ ದುಡ್ಡು ಕೊಟ್ಟಳು. ಸರಿ, ನಾನೂ ಹೋಗಿ ಕೂತೆ. ಬೆಳಿಗ್ಗೆ ಹತ್ತಕ್ಕೆ ಅಂದದ್ದು ಶುರುವಾಗುವಾಗ ಹನ್ನೆರಡೂವರೆ. ಗೇಮ್ ಒಳಗಿನ ರೂಮಿನ ಐಡಿ, ಪಾಸ್‌ವರ್ಡ್ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದರು, ಅದು ಹೇಗೋ ಹೊರಗೆ ಹೋಗಿ ಯಾರ್ಯಾರೋ ರೂಮಿಗೆ ನುಗ್ಗಿದರು, ಸ್ಲಾಟ್ ಬುಕ್ ಮಾಡಿದ್ದ ಬೇಲೂರಿನ ಹುಡುಗರು ಹೊರಗೇ ಉಳಿದರು. ಮತ್ತೆ ಹೊಸ ರೂಮ್. ಎರಾಂಗಲ್ ಅನ್ನೋ ಮ್ಯಾಪಿನಲ್ಲಿ ಮೊದಲ ಮ್ಯಾಚು. ಹಾಲ್‌ನಲ್ಲಿ ಕೂತವರ ಜೊತೆ ‘ಆನ್‌ಲೈನ್ ಸ್ಲಾಟ್’ ಅಂತ ಮನೆಯಿಂದ ಆಡುವ ಸ್ಕ್ವಾಡುಗಳೂ ಇದ್ದವು. ಅದರಲ್ಲಿ ಒಂದು ಸ್ಕ್ವಾಡಿನವನು ಗೋಡೆ ಹಿಂದೆ ಇದ್ದವರನ್ನೂ ಕಂಡವನ ಹಾಗೆ ಹೊಡೆಯುತ್ತಿದ್ದ. ನಮ್ಮ ಹುಡುಗ ಕಾಂಪೌಂಡ್ ಒಳಗೆ ಮಲಗಿದ್ದಾನೆ, ಅಲುಗಾಡಿಲ್ಲ, ಗುಂಡು ಹಾರಿಸಿಲ್ಲ. ಅವನು ಓಡುತ್ತ ಬಂದವನೇ ತಿರುಗಿ ನೇರ ತಲೆಗೆ ಇಟ್ಟ. ಹಾಲ್ ಪೂರ್ತಿ ‘ಹ್ಯಾಕು, ಹ್ಯಾಕು’ ಅಂತ ಎದ್ದಿತು. 20 ರೂಪಾಯಿ ದಂಡದ ಮಾತುಗಳೂ ಸುಮಾರು ಬಂದವು.

ಆಯೋಜಕರು ಏನಂದರು ಗೊತ್ತಾ? ‘ಸ್ಕ್ರೀನ್‌ಶಾಟ್ ಕಳಿಸಿ, ಕಮಿಟಿ ನೋಡಿ ನಾಳೆ ಹೇಳುತ್ತೆ.’ ಸ್ಕ್ರೀನ್‌ಶಾಟ್‌ನಲ್ಲಿ ಗೋಡೆ ಬಿಟ್ಟು ಇನ್ನೇನು ಕಾಣುತ್ತದೆ!

ದೊಡ್ಡ ಟೂರ್ನಮೆಂಟಿನಲ್ಲಿ ಇಂಥದ್ದು ನಡೆಯೋದೇ ಇಲ್ಲ ಅಂತಲ್ಲ. 2018ರಲ್ಲಿ ಶಾಂಘೈಯಲ್ಲಿ ಕೌಂಟರ್ ಸ್ಟ್ರೈಕ್ ಆಡುತ್ತಿದ್ದ ಆಪ್ಟಿಕ್ ಇಂಡಿಯಾ ತಂಡದ ಒಬ್ಬ ಆಟಗಾರನ ಸಿಸ್ಟಮ್ಮಿನಲ್ಲಿ ಗುರಿ ತಾನೇ ಹಿಡಿಯುವ ಪ್ರೋಗ್ರಾಂ ಸಿಕ್ಕಿತ್ತು. ಫೈಲಿನ ಹೆಸರು ‘ವರ್ಡ್ ಡಾಟ್ ಇಎಕ್ಸ್‌ಇ’. ಕೌಂಟರ್ ಸ್ಟ್ರೈಕ್ ಆಡುವ ಮಧ್ಯೆ ಯಾರಾದರೂ ಅರ್ಜಿ ಟೈಪ್ ಮಾಡುತ್ತಾರಾ? ಆದರೆ ಅಲ್ಲಿ ಏನಾಯಿತು ನೋಡಿ. ಆಡ್ಮಿನ್ ಅವನ ಬೆನ್ನ ಹಿಂದೆ ನಿಂತು ಮೌಸ್ ತಗೊಂಡರು, ತಂಡವನ್ನು ಅಲ್ಲೇ ಹೊರಗೆ ಹಾಕಿದರು, ಆಪ್ಟಿಕ್‌ನವರು ಆ ತಂಡವನ್ನೇ ಮುಚ್ಚಿದರು, ಈಗ ಎಸ್ಪೋರ್ಟ್ಸ್ ಇಂಟೆಗ್ರಿಟಿ ಕಮಿಷನ್ ಅನ್ನುವ ಸಂಸ್ಥೆ ಅವನಿಗೆ ಐದು ವರ್ಷ ನಿಷೇಧ ಹಾಕಿತು. ನಿಜವಾದ ಟೂರ್ನಮೆಂಟು ಅಂದರೆ ಕಳ್ಳ ಸಿಕ್ಕಾಗ ಏನು ಮಾಡಬೇಕು ಅಂತ ಮೊದಲೇ ಬರೆದಿಟ್ಟಿರುತ್ತಾರೆ. ಇಲ್ಲಿ ನಿಯಮದ ಹಾಳೆ ಕೇಳಿದರೆ ಮುಖ ಮುಖ ನೋಡಿಕೊಂಡರು.

ಇನ್ನೊಂದು. ಬ್ಯಾನರಿನ ಮೂಲೆಯಲ್ಲಿ ‘ಲೇಡೀಸ್ ಸ್ಲಾಟ್ ಅರ್ಧ ಬೆಲೆ, ಪ್ರತ್ಯೇಕ ಮ್ಯಾಚ್’ ಅಂತ ಇತ್ತು. ಯಾಕೆ ಪ್ರತ್ಯೇಕ ಅಂದರೆ ‘ಇಂಟರ್‌ನ್ಯಾಷನಲ್ ರೂಲ್ ಮೇಡಂ’ ಅಂತೆ. ಐಇಎಸ್ಎಫ್ 2014ರಲ್ಲಿ ಹೀಗೇ ಮಾಡಲು ಹೋಗಿತ್ತು. ಫಿನ್ಲೆಂಡಿನ ಅರ್ಹತಾ ಸುತ್ತಿನಲ್ಲಿ ಹಾರ್ತ್‌ಸ್ಟೋನ್ ಗಂಡಸರಿಗೆ ಮಾತ್ರ ಅಂತ ಹಾಕಿದ್ದರು. ಇಸ್ಪೀಟಿನ ಥರ ಎಲೆ ಇಟ್ಟು ಆಡುವ ಗೇಮಿಗೆ ಗಂಡು ಹೆಣ್ಣು ಏನು ಬಂತು ಅಂತ ಎಲ್ಲ ಕಡೆಯಿಂದ ಉಗಿದ ಮೇಲೆ, ಕೆಲವೇ ದಿನದಲ್ಲಿ ಮುಖ್ಯ ವಿಭಾಗವನ್ನು ಎಲ್ಲರಿಗೂ ತೆರೆದರು, ಬೇಕಾದವರಿಗೆ ಮಹಿಳಾ ವಿಭಾಗ ಬೇರೆ ಉಳಿಸಿಕೊಂಡರು. ಅಷ್ಟೂ ಗೊತ್ತಿಲ್ಲದವರು ಇಂಟರ್‌ನ್ಯಾಷನಲ್ ರೂಲ್ ಹೇಳುತ್ತಾರೆ.

ನಮ್ಮ ಹುಡುಗನ ಸ್ಕ್ವಾಡಿಗೆ ಕೊನೆಗೆ ‘ಭಾಗವಹಿಸಿದ’ ಸರ್ಟಿಫಿಕೇಟು ಸಿಕ್ಕಿತು. ದಪ್ಪ ಕಾಗದ, ಅಂಚಿಗೆ ಚಿನ್ನದ ಗೆರೆ. ಎರಡು ಸಹಿ, ಒಂದು ಅಧ್ಯಕ್ಷರದ್ದು, ಒಂದು ಕಾರ್ಯದರ್ಶಿಯದ್ದು. ಎರಡೂ ಒಂದೇ ನೀಲಿ ಪೆನ್ನು, ಒಂದೇ ಓಟ, ಕೊನೆಯಲ್ಲಿ ಒಂದೇ ಥರದ ಬಾಲ. ಹುಡುಗನ ಹೆಸರಿನಲ್ಲಿ ಕಾಗುಣಿತ ತಪ್ಪು. ಗೆದ್ದ ಸ್ಕ್ವಾಡಿಗೆ ‘ಸ್ಟೇಟ್ ಲೆವೆಲ್’ಗೆ ಮತ್ತೆ ನಾಲ್ಕು ಸಾವಿರ ಕಟ್ಟಿ ಅಂತ ಮೆಸೇಜ್ ಬಂತಂತೆ. ಗೆದ್ದವರೇ ದುಡ್ಡು ಕಟ್ಟುವ ಆಟ ನಾನು ಇಲ್ಲೇ ಕಂಡದ್ದು.

ಬಿಜಿಎಂಐ ಹುಡುಗರೇ, ಕ್ರಾಫ್ಟನ್‌ನವರೇ ನಡೆಸುವ ಬಿಜಿಐಎಸ್ ಟೂರ್ನಮೆಂಟಿಗೆ ಅವರ ಸ್ವಂತ ಸೈಟಿನಲ್ಲೇ ಹೆಸರು ಕೊಡಬಹುದು, ಮೊದಲ ಸುತ್ತು ಗೇಮ್ ಒಳಗೇ ಆಡಿಸುತ್ತಾರೆ. ಮನೆಯಲ್ಲಿ ಕೂತು, ಇಲ್ಲವೇ ಇದೇ ಸೆಂಟರಿನ ನೆಟ್ಟಿನಲ್ಲಿ ಕೂತು ಆಡಿ. ಯಾವ ಗೇಮ್ ಆದರೂ ಕೇಳಬೇಕಾದ್ದು ಎರಡೇ: ಗೇಮಿನ ಕಂಪನಿ ತನ್ನ ಸೈಟಿನಲ್ಲಿ ಈ ಟೂರ್ನಮೆಂಟಿನ ಹೆಸರು ಹಾಕಿದೆಯಾ? ಇಲ್ಲದಿದ್ದರೆ ದೇಶದ ಫೆಡರೇಷನ್ ಹಾಕಿದೆಯಾ? ಎರಡೂ ಇಲ್ಲ ಅಂದರೆ ಅದು ಊರ ಟೂರ್ನಮೆಂಟು. ಊರ ಟೂರ್ನಮೆಂಟು ಕೆಟ್ಟದ್ದೇನಲ್ಲ, ನಾನೂ ಖುಷಿಯಾಗಿ ಆಡುತ್ತೇನೆ, ಆದರೆ ಅದಕ್ಕೆ ತಲೆಗೆ ಐವತ್ತು ನೂರು ಸಾಕು.

ಸೆಂಟರಿಗೆ ನಾಲ್ಕು ಸ್ಟಾರ್ ಯಾಕೆ ಅನ್ನೋದು ಉಳಿಯಿತು. 2025ರ ನವೆಂಬರ್ 9, ಭಾನುವಾರ, ಚೆಂಗ್ಡುನಲ್ಲಿ ಲೀಗ್ ಆಫ್ ಲೆಜೆಂಡ್ಸ್ ವರ್ಲ್ಡ್ಸ್ ಫೈನಲ್. ಟಿ1 ಮತ್ತು ಕೆಟಿ ರೋಲ್‌ಸ್ಟರ್, ಎರಡೂ ಕೊರಿಯಾದ ಫೋನ್ ಕಂಪನಿಗಳ ಹಿನ್ನೆಲೆಯ ತಂಡ. ಅಣ್ಣ ದೊಡ್ಡ ಟಿವಿಯಲ್ಲಿ ಹಾಕಿದರು, ಒಂದು ರೂಪಾಯಿ ತಗೊಳ್ಳಲಿಲ್ಲ. ಹಾಸನದಲ್ಲಿ ಈ ಗೇಮ್ ಆಡುವವರು ಕಡಿಮೆ, ಆದರೂ ರೂಮು ತುಂಬಿತು, ನೆಲದ ಮೇಲೂ ಕೂತಿದ್ದರು. ಅರಸೀಕೆರೆ ಕಡೆಯ ಒಬ್ಬ ಹುಡುಗ ಮುಂದೆ ಕೂತು ಗೊತ್ತಿಲ್ಲದವರಿಗೆಲ್ಲ ಕನ್ನಡದಲ್ಲಿ ಹೇಳುತ್ತಿದ್ದ, ‘ಈಗ ಡ್ರ್ಯಾಗನ್‌ಗೆ ಹೋಗ್ತಾರೆ ನೋಡಿ, ಅಲ್ಲಿ ಕಣ್ಣಿಟ್ಟಿಲ್ಲ, ಸಿಕ್ಕಾಕ್ಕೋತಾರೆ.’ ಹೇಳಿದ ಹಾಗೇ ಸಿಕ್ಕಾಕಿಕೊಂಡರು. ಇಂಗ್ಲಿಷ್ ಕಾಮೆಂಟ್ರಿಯ ಸೌಂಡ್ ಯಾರೋ ಕಡಿಮೆ ಮಾಡಿದರು, ಈ ಹುಡುಗನದ್ದೇ ಸಾಕು ಅಂತ. ಐದನೇ ಗೇಮಿನವರೆಗೂ ಹೋಯಿತು. ಟಿ1ಗೆ ಸತತ ಮೂರನೇ ಕಪ್, ಫೇಕರ್‌ಗೆ ಆರನೆಯದು. ನಮ್ಮ ಹುಡುಗ ನಡುವೆ ಒಂದು ಸಲವೂ ಫೋನ್ ತೆಗೆಯಲಿಲ್ಲ, ಅಕ್ಕನಿಗೆ ಹೇಳಿದರೆ ನಂಬಲಿಲ್ಲ.

ಅಣ್ಣನಿಗೂ ಮುಖಕ್ಕೇ ಹೇಳಿದ್ದೇನೆ, ಬ್ಯಾನರಿನವರಿಗೆ ಇನ್ನು ಹಾಲ್ ಕೊಡಬೇಡಿ ಅಂತ. ‘ನೋಡೋಣ ಮೇಡಂ, ತಿಂಗಳ ಬಾಡಿಗೆ ಇದೆ’ ಅಂದರು. ಅದೂ ಸರಿಯೇ. ಒಂದು ಸ್ಟಾರ್ ಕಿತ್ತದ್ದು ಅದಕ್ಕೆ.

ಹೋಗುವವರಿಗೆ: ಶನಿವಾರ ಸಂಜೆ ಫೋನ್ ಮಾಡದೇ ಹೋದರೆ ಸಿಸ್ಟಂ ಸಿಗಲ್ಲ. ಬೆಳಿಗ್ಗೆ ಹನ್ನೊಂದರವರೆಗೆ ಗಂಟೆಗೆ 40 ಮಾತ್ರ. ಕೆಳಗಿನ ಬೇಕರಿಯ ಪಪ್ಸ್ ಮೇಲೆ ತರಬಹುದು, ಕೈ ಒರೆಸಿಕೊಂಡೇ ಕೀಬೋರ್ಡ್ ಮುಟ್ಟಬೇಕು. ಕಿಟಕಿ ಪಕ್ಕದ ಮೂಲೆಯ ಸಿಸ್ಟಂ ಕೊಟ್ಟರೆ ಬೇಡ ಅನ್ನಿ, ಅದರ ಹೆಡ್‌ಸೆಟ್ಟಿನ ಬಲಗಿವಿ ಕೇಳಲ್ಲ.